ಅಪ್ಪ ಹೋಗಿ ಸಾರ್ ಆದದ್ದು

ಜಡೆ ಹಾಕುವುದನ್ನು ನನಗೆ ಯಾವ ತರಬೇತಿಯಲ್ಲೂ ಕಲಿಸಿರಲಿಲ್ಲ. ಮಗುವಿನ ಮನಸ್ಸು ಹೇಗೆ ಬೆಳೆಯುತ್ತದೆ ಎಂಬುದಕ್ಕೆ ದಪ್ಪ ಪುಸ್ತಕವಿತ್ತು, ಕೂದಲು ಬೆಳೆದರೆ ಏನು ಮಾಡಬೇಕು ಎಂಬುದಕ್ಕೆ ಒಂದು ಪುಟವೂ ಇರಲಿಲ್ಲ. ನನ್ನ ಹೆಂಡತಿ ಹರಪನಹಳ್ಳಿಯಲ್ಲಿ ಆಸ್ಪತ್ರೆಯ ನರ್ಸು. ಬೆಳಗಿನ ಪಾಳಿ ಇದ್ದಾಗ ಅವಳು ಹೊರಡುವ ಹೊತ್ತಿಗೆ ಮಗಳು ಇನ್ನೂ ಕೌದಿಯೊಳಗೇ ಇರುತ್ತಿದ್ದಳು. ಚಪ್ಪಲಿ ಮೆಟ್ಟುತ್ತಾ, "ಬೈತಲಿ ನೆಟ್ಟಗ ತಗೀರಿ, ಎರಡು ಜಡಿ ಹಾಕ್ರಿ, ರಿಬ್ಬನ್ ಬಿಗಿಯಾಗಿ ಕಟ್ರಿ," ಎಂದು ರೋಗಿಗೆ ಮಾತ್ರೆ ಹೇಳುವ ಹಾಗೆ ಹೇಳಿ ಹೋಗಿಬಿಡುತ್ತಿದ್ದಳು. ನಾನು ತೆಗೆದ ಬೈತಲೆ ಹಣೆಯಿಂದ ಹೊರಟು ಎಲ್ಲೆಲ್ಲೋ ತಿರುಗಿ ಕಿವಿಯ ಹತ್ತಿರ ಮುಗಿಯುತ್ತಿತ್ತು. ಜಡೆಗಳಲ್ಲಿ ಒಂದು ಹೆಗಲ ಕಡೆ ನೋಡಿದರೆ ಇನ್ನೊಂದು ಆಕಾಶದ ಕಡೆ ನೋಡುತ್ತಿತ್ತು.

ಶಾಲೆಗೆ ಹೋದ ಕೂಡಲೇ ಬಿಸಿಯೂಟದ ಅಡುಗೆಯಕ್ಕ ಅವಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಎಲ್ಲ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. "ಸಾರ್, ಈ ಜಡಿ ನೀವು ಹಾಕಿದ್ರೋ, ಇಲ್ಲಾ ಕೂಸಿನ ತಲಿ ಬಸ್ಸಿನ ಬಾಗಲಕ್ಕ ಸಿಕ್ಕಿತ್ತೋ?" ಎಂದು ದಿನವೂ ಕೇಳುತ್ತಿದ್ದಳು. ನಾನು ಕೇಳಿಸದವನ ಹಾಗೆ ಹಾಜರಿ ಪುಸ್ತಕ ತೆರೆಯುತ್ತಿದ್ದೆ.

ನಾನೂ ನನ್ನ ಮಗಳೂ ಒಂದೇ ದಿನ ಶಾಲೆಗೆ ಸೇರಿದವರು. ಅವಳು ಒಂದನೇ ತರಗತಿಗೆ, ನಾನು ಮಾಸ್ತರಿಕೆಗೆ. ವರ್ಷಗಟ್ಟಲೆ ಗೊಬ್ಬರದ ಅಂಗಡಿಯಲ್ಲಿ ಕೂತು, ಮತ್ತೆ ಮತ್ತೆ ಪರೀಕ್ಷೆ ಬರೆದು, ಮೀಸೆಯಲ್ಲಿ ಬಿಳಿ ಇಣುಕಿದ ಮೇಲೆ ನನಗೆ ಸರ್ಕಾರಿ ಕೆಲಸ ಸಿಕ್ಕಿತ್ತು. ತೆಲಿಗಿಯಿಂದ ಒಳಗೆ ಒಂದು ಹಳ್ಳಿ. ಎರಡು ಕೋಣೆ, ಒಂದು ಬೇವಿನಮರ, ಇಬ್ಬರು ಶಿಕ್ಷಕರು. ಇನ್ನೊಬ್ಬರು ನಿವೃತ್ತಿಗೆ ಬಂದ ಮುಖ್ಯ ಶಿಕ್ಷಕಿ. ಊರೆಲ್ಲ ಅವರನ್ನು ದೊಡ್ಡ ಟೀಚರ್ ಎನ್ನುತ್ತಿತ್ತು. ನನ್ನ ಪಾಲಿಗೆ ಬಂದದ್ದು ಒಂದು, ಎರಡು, ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೇ ಕೂರಿಸುವ ನಲಿಕಲಿ ಕೋಣೆ. ಮಗಳನ್ನು ಟೈ ಕಟ್ಟಿಸುವ ಶಾಲೆಗೆ ಹಾಕಿ ಎಂದು ಮಾವನ ಮನೆಯವರು ಹೇಳಿದ್ದರು. ಕಟ್ಟಿದ ಟೈಯನ್ನು ಮಧ್ಯಾಹ್ನ ಬಿಚ್ಚುವವರು ಯಾರು ಎಂದು ಮಾತ್ರ ಅವರು ಹೇಳಲಿಲ್ಲ. ನಮ್ಮಿಬ್ಬರಿಗೂ ಕೆಲಸ, ಮನೆಗೆ ಬೀಗ. ಹಾಗಾಗಿ ಅವಳು ನನ್ನ ಜೊತೆಗೇ, ನನ್ನದೇ ಕೋಣೆಗೆ ಬಂದಳು.

ಮೊದಲ ವಾರ ನಾನು ಪಾಠ ಮಾಡಲಿಲ್ಲ, ಮಗಳನ್ನು ತೊಡೆಯಿಂದ ಇಳಿಸಿದೆ. ನಾನು ಕೂತರೆ ಸಾಕು, ಅವಳು ಬಂದು ತೊಡೆ ಹತ್ತುತ್ತಿದ್ದಳು. ಅವಳು ಹತ್ತಿದರೆ ಉಳಿದವರೂ ಹತ್ತಬೇಕು. ಒಂದು ದಿನವಂತೂ ನನ್ನ ಮೇಲೆ ಎಷ್ಟು ಮಕ್ಕಳಿದ್ದರೆಂದರೆ, ಬಾಗಿಲಿಗೆ ಬಂದ ದೊಡ್ಡ ಟೀಚರ್, "ಸಾರ್ ಎಲ್ಲಿ ಅದಾರ?" ಎಂದು ಕೇಳಿದರು. ಇದೆಲ್ಲ ನಡೆದುಹೋಗುತ್ತಿತ್ತೇನೋ. ಆದರೆ ಮೊಟ್ಟೆ ಕೊಡುವ ದಿನ ಮಗಳು ತನ್ನ ಮೊಟ್ಟೆ ಹಿಡಿದುಕೊಂಡು ಬಂದಳು, ನಾನು ಮನೆಯಲ್ಲಿದ್ದೇನೆ ಎಂದುಕೊಂಡು ಸುಲಿದುಕೊಟ್ಟೆ. ಮಾರನೆಯ ದಿನ ಬೆಳಿಗ್ಗೆ ಗೇಟಿನಲ್ಲಿ ಒಬ್ಬ ಅಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು.

"ಏನ್ರಿ ಮಾಸ್ತರ್ರ, ನಿಮ್ಮ ಮಗಳಿಗೆ ತತ್ತಿ ಸುಲದು ಕೊಟ್ರಂತ. ನಮ್ಮ ಮೊಮ್ಮಗಳಿಗೆ ಸಿಪ್ಪಿ ಸಮೇತ ಕೊಟ್ರಂತ. ಸಿಪ್ಪಿ ತಿನ್ನೋಕೇನು ನಾವು ಕೋಳಿಗಿಂತ ಕಡಿಮಿ ಆದ್ವ?"

ಕೋಳಿ ಸಿಪ್ಪೆ ತಿನ್ನುತ್ತದೋ ಇಲ್ಲವೋ ಎಂದು ವಾದಿಸುವ ಧೈರ್ಯ ನನಗಿರಲಿಲ್ಲ. ಆ ದಿನದಿಂದ ಕೋಣೆಯ ಎಲ್ಲ ಮೊಟ್ಟೆಗಳನ್ನೂ ನಾನೇ ಸುಲಿಯಬೇಕಾಯಿತು, ಅದು ಬೇರೆ ಮಾತು. ದೊಡ್ಡ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ನೋಡ್ರಿ ಸಾರ್, ಗೇಟಿನ ಒಳಗ ನಿಮಗ ಮಗಳಿಲ್ಲ, ಆಕಿಗೆ ಅಪ್ಪ ಇಲ್ಲ. ಹಂಗಿದ್ರ ಇಬ್ರೂ ಉಳೀತೀರಿ."

ನಮ್ಮ ಶಾಲೆಯ ಬೆಲ್ ಎಂದರೆ ಬೇವಿನ ಕೊಂಬೆಗೆ ತೂಗುಬಿಟ್ಟ ರೈಲುಹಳಿಯ ತುಂಡು. ಬೆಳಿಗ್ಗೆಗೂ ಊಟಕ್ಕೂ ಬಿಟ್ಟು ಬಿಟ್ಟು ಹೊಡೆಯುತ್ತಿದ್ದರು. ಸಂಜೆ ಮಾತ್ರ ಕೈ ಸೋಲುವ ತನಕ ಒಂದೇ ಸಮನೆ ದಣದಣ ಬಡಿಯುತ್ತಿದ್ದರು, ಅದು ಲಾಂಗ್ ಬೆಲ್. ಆ ಬೆಲ್ಲುಗಳನ್ನೇ ಗಡಿ ಮಾಡಿ ನಾನು ಮಗಳಿಗೆ ಬಸ್ ಸ್ಟ್ಯಾಂಡಿನಲ್ಲಿ ಕಾನೂನು ಹೇಳಿದೆ. ಬೆಳಗಿನ ಬೆಲ್ ಆದ ಮೇಲೆ ನಾನು ಸಾರ್. ಲಾಂಗ್ ಬೆಲ್ ಆದ ಮೇಲೆ ಅಪ್ಪ.

ಅವಳು ವಕೀಲರ ಹಾಗೆ ಒಂದೊಂದೇ ಕೇಳಿದಳು.

"ಊಟಕ್ಕ ಕುಂತಾಗ?"

"ಸಾರ್."

"ಒಂದಕ್ಕ ಬಿಟ್ಟಾಗ?"

"ಆಗಲೂ ಸಾರ್."

"ಬಿದ್ರ?"

"ಬಿದ್ರೂ ಸಾರ್. ಲಾಂಗ್ ಬೆಲ್ ತನಕ."

ಸ್ವಲ್ಪ ಯೋಚಿಸಿ, ಆಯಿತು ಎಂದು ತಲೆ ಆಡಿಸಿದಳು. ಅವಳ ಅಮ್ಮನ ಕಡೆಯ ರಕ್ತ. ಒಮ್ಮೆ ಒಪ್ಪಿದರೆ ಮುಗಿಯಿತು.

ಆ ಕೆಲವು ವಾರ ನಮ್ಮ ಬದುಕಿನ ಚಂದದ ದಿನಗಳು. ಇಡೀ ದಿನ ಅವಳು ಯಾರದೋ ಮಗಳ ಹಾಗೆ ಕೈಕಟ್ಟಿ ಕೂತು, "ಸಾರ್, ನನ್ನದು ಆತ್ರಿ," ಎನ್ನುತ್ತಿದ್ದಳು. ಸಂಜೆ ಲಾಂಗ್ ಬೆಲ್ ಬಡಿದ ಕೂಡಲೇ ಚೀಲ ಬಿಸಾಕಿ, "ಅಪ್ಪಾ," ಎಂದು ಓಡಿಬಂದು ನನ್ನ ಹೊಟ್ಟೆಗೆ ಗುದ್ದುತ್ತಿದ್ದಳು. ಎತ್ತಿಕೊಂಡು ಬಸ್ಸಿನ ತನಕ ನಡೆಯಬೇಕು. ಅಷ್ಟೂ ದಾರಿ ಆ ದಿನದ ಚಾಡಿ. ಯಾರು ಚಿವುಟಿದರು, ಯಾರು ಯಾರ ಪೆನ್ಸಿಲ್ ಕಚ್ಚಿದರು, ಯಾರ ಮೂಗು ಸೋರುತ್ತಿತ್ತು. ನಾನು ಅದೇ ಕೋಣೆಯಲ್ಲಿ ಇದ್ದೆ, ಎಲ್ಲವನ್ನೂ ನೋಡಿದ್ದೆ. ಆದರೂ ಹೌದಾ, ಹೌದಾ ಎನ್ನುತ್ತಿದ್ದೆ. ಬೆವರು, ಬೇಳೆ ಸಾರು, ಕೊಬ್ಬರಿಎಣ್ಣೆ ಎಲ್ಲ ಸೇರಿದ ಆ ವಾಸನೆಯ ತಲೆ ನನ್ನ ಹೆಗಲ ಮೇಲೆ ಇದ್ದಾಗ, ಈ ಕೆಲಸ ತಡವಾಗಿ ಸಿಕ್ಕಿದ್ದೇ ಒಳ್ಳೆಯದಾಯಿತು ಅನಿಸುತ್ತಿತ್ತು.

ಇಂಥದ್ದನ್ನು ಕೆಡಿಸಲು ತರಬೇತಿಯೇ ಬೇಕು. ಗಣಪತಿ ಹಬ್ಬ ಮುಗಿದ ಮೇಲೆ ಹೊಸ ಶಿಕ್ಷಕರನ್ನೆಲ್ಲ ತರಬೇತಿಗೆ ಕರೆದರು. ಅಲ್ಲಿ ಪಾಠ ಮಾಡಿದ ಸಂಪನ್ಮೂಲ ವ್ಯಕ್ತಿಗಳು ಬಹಳ ಒಳ್ಳೆಯ ಮಾತುಗಾರರು. ಮಕ್ಕಳನ್ನು ಗಂಟೆ ಬಡಿದು ಓಡಿಸುವುದು ಕೈದಿಗಳನ್ನು ಎಣಿಸಿದ ಹಾಗೆ, ಶಾಲೆ ಎಂದರೆ ಭಯ ಇರಬಾರದು, ಹಾಡು ಇರಬೇಕು ಎಂದರು. ಅಷ್ಟರಲ್ಲಿ ಊಟದ ಬೆಲ್ ಹೊಡೆಯಿತು. ಅವರೇ ಮೊದಲು ಎದ್ದರು. ಆದರೂ ಅವರ ಮಾತು ನನ್ನ ತಲೆಗೆ ಏರಿತ್ತು. ನಾನು ಹೊಸಬ, ಹುರುಪು ಎನ್ನುವುದು ಮೈತುಂಬ ಇತ್ತು.

ಶಾಲೆಗೆ ಮರಳಿದವನೇ ಮರ ಹತ್ತಿ ಹಳಿಯ ತುಂಡನ್ನು ಬಿಚ್ಚಿ ಇಳಿಸಿದೆ. ಬೆಲ್ಲಿನ ಬದಲು ಹಾಡು. ಬೆಳಿಗ್ಗೆಗೊಂದು, ಊಟಕ್ಕೊಂದು, ಸಂಜೆಗೊಂದು, ಮೂರನ್ನೂ ನಾನೇ ಕಟ್ಟಿದೆ. ಸಂಜೆಯದು ಹೀಗಿತ್ತು. ಚೀಲ ಹೆಗಲಿಗೆ, ಚಪ್ಪಲಿ ಕಾಲಿಗೆ, ನಗುತ ನಡೆಯೋಣ ಮನೆ ಬಾಗಿಲಿಗೆ. ದೊಡ್ಡ ಟೀಚರ್ ಕನ್ನಡಕದ ಮೇಲಿಂದ ನೋಡಿ, "ಮಾಡ್ರಿ, ಮಾಡ್ರಿ. ನಾನೂ ಹೊಸದಾಗಿ ಬಂದಾಗ ಏನೇನೋ ಮಾಡೀನಿ," ಎಂದರು.

ವಾರ ತುಂಬುವುದರೊಳಗೆ ಊರಿನ ಇಬ್ಬರು ರೈತರು ಬಂದರು. ಶಾಲೆಯ ಸುತ್ತ ಹೊಲ ಇದ್ದವರು.

"ಸಾರ್, ನಮ್ಮ ಕಳೆ ತೆಗೆಯೋ ಹೆಣ್ಣಾಳು ನಿಮ್ಮ ಊಟದ ಬೆಲ್ಲಿಗೇ ಬುತ್ತಿ ಬಿಚ್ಚತಿದ್ರು. ಈಗ ಬಿಸಿಲು ಏರೋದರಾಗ ಬಿಚ್ಚಿ ಕುಂದ್ರತಾರ. ಯಾಕ್ರವಾ ಅಂದ್ರ, ಬೆಲ್ ಇಲ್ಲಲ್ಲ, ನಮಗೇನು ಗೊತ್ತು ಅಂತಾರ."

"ಈಗ ಹಾಡು ಹೇಳ್ತೀವಲ್ರಿ," ಎಂದೆ.

"ಹಾಡು ಹೊಲಕ್ಕ ಕೇಳ್ಸಾಂಗಿಲ್ರಿ. ಕೇಳಿಸಿದ್ರೂ ಸಾರ್, ಬ್ಯಾಸರ ಮಾಡ್ಕೋಬ್ಯಾಡ್ರಿ, ಅದು ಹಾಡು ಅಂತ ಗೊತ್ತಾಗಾಂಗಿಲ್ಲ."

ನನಗೆ ಸಿಟ್ಟು ಬಂತು. ದೊಡ್ಡ ಟೀಚರ್ ನಡುವೆ ಬಂದು ರಾಜಿ ಮಾಡಿಸಿದರು. ಬೆಳಗಿನ ಬೆಲ್ಲೂ ಊಟದ ಬೆಲ್ಲೂ ಮೊದಲಿನ ಹಾಗೇ. ಸಂಜೆಗೆ ನನ್ನ ಹಾಡು. ಸಂಜೆಯ ಬೆಲ್ಲಿನ ಬಗ್ಗೆ ಯಾರದೂ ತಕರಾರಿರಲಿಲ್ಲ. ಸಂಜೆಯಾದದ್ದು ಹೊಲದಲ್ಲಿರುವವರಿಗೆ ಆಕಾಶ ನೋಡಿದರೇ ಗೊತ್ತಾಗುತ್ತದೆ. ಹಳಿ ಮತ್ತೆ ಮರ ಹತ್ತಿತು, ನನ್ನ ಮಾನ ಅರ್ಧ ಉಳಿಯಿತು.

ಇದೇ ದಿನಗಳಲ್ಲಿ ಒಂದು ಸಂಜೆ ಬಸ್ಸಿನಲ್ಲಿ ಮಗಳು, "ಸಾರ್, ಕಿಟಕಿ ಕಡಿ ನಾನು ಕುಂದ್ರಲೇನ್ರಿ?" ಎಂದಳು. ತಮಾಷೆ ಎಂದುಕೊಂಡು ನಕ್ಕೆ. ಮನೆಗೆ ಬಂದು ಊಟಕ್ಕೆ ಕೂತಾಗ, "ಸಾರ್, ಇನ್ನೊಂದು ಚೂರು ಪಲ್ಯ ಹಾಕ್ರಿ," ಎಂದಳು. ಮಲಗುವ ಮುಂಚೆ ಹಾಸಿಗೆಯಲ್ಲಿ ಎದ್ದು ನಿಂತು ಕಿರುಬೆರಳು ಎತ್ತಿ, "ಸಾರ್, ಒಂದಕ್ಕ ಹೋಗ್ಲೇನ್ರಿ?" ಎಂದಳು.

ನನ್ನ ಹೆಂಡತಿ ನಕ್ಕ ನಗುವಿಗೆ ಪಕ್ಕದ ಮನೆಯವರು ಟಿವಿ ಸಣ್ಣ ಮಾಡಿದರು. ಅವಳಿಗೆ ಹಳೆಯ ಸೇಡು ಇತ್ತು. ಮಗಳು ಬಾಯಿಬಿಟ್ಟು ಮೊದಲು ಆಡಿದ ಮಾತೇ ಅಪ್ಪ. ಅಮ್ಮ ಎನ್ನಲು ಎಷ್ಟೋ ದಿನ ಹಿಡಿದಿತ್ತು. ಅದನ್ನು ನಾನು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

"ಒಂಬತ್ತು ತಿಂಗಳು ಹೊತ್ತಾಕಿ ನಾನು," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ದೇವರು ಎಲ್ಲಾ ನೋಡ್ತಿರ್ತಾನ್ರಿ, ಸಾರ್."

ಅವಳೂ ಸಾರ್ ಎನ್ನಲು ಶುರುಮಾಡಿದಳು.

ಎರಡು ದಿನಕ್ಕೆ ಬಿಡುತ್ತಾಳೆ ಎಂದುಕೊಂಡೆ. ಬಿಡಲಿಲ್ಲ. ಭಾನುವಾರವೂ ಸಾರ್, ದಸರೆಯ ರಜೆಯಲ್ಲೂ ಸಾರ್. ನೀನು ಎನ್ನುತ್ತಿದ್ದವಳು ನೀವು ಎನ್ನತೊಡಗಿದಳು. ಬಗಲಿಗೆ ಬರುವುದಿಲ್ಲ, ಚಾಡಿ ಹೇಳುವುದಿಲ್ಲ. ಬಸ್ ಸ್ಟ್ಯಾಂಡಿನ ತನಕ ಸಾಲಿನಲ್ಲಿ ಹೋಗುವ ಹಾಗೆ ನನ್ನ ಹಿಂದೆ ನಡೆದು ಬರುತ್ತಾಳೆ. ಕೂರಿಸಿಕೊಂಡು ಕೇಳಿದೆ, "ಯಾಕವ್ವ, ಅಪ್ಪ ಅನ್ನಾಂಗಿಲ್ಲ?"

"ನೀವೇ ಹೇಳಿರಲ್ರಿ ಸಾರ್."

"ಅದು ಶಾಲ್ಯಾಗ. ಈಗ ಮನ್ಯಾಗ ಅದೀವಿ. ಈಗ ಅಪ್ಪ ಅನ್ನಬಹುದು."

ಅವಳು ನನ್ನ ಮುಖವನ್ನು ಓರೆಯಾಗಿ ನೋಡಿ, ಗುಟ್ಟು ಗೊತ್ತಾದವರ ಹಾಗೆ ನಕ್ಕು, "ನಾನು ಮೋಸ ಹೋಗಾಂಗಿಲ್ರಿ ಸಾರ್," ಎಂದಳು.

ಇದೂ ನನ್ನದೇ ಪ್ರತಾಪ. ನಲಿಕಲಿ ಕೋಣೆಯಲ್ಲಿ ನಾನು ಒಂದು ಆಟ ಆಡಿಸುತ್ತಿದ್ದೆ. ಬೇಕೆಂತಲೇ ತಪ್ಪು ಹೇಳುವುದು. ಆಕಳಿಗೆ ರೆಕ್ಕೆ ಅದಾವ, ಎಲ್ಲರೂ ಎದ್ದು ಮನಿಗೆ ನಡೀರಿ ಎನ್ನುವುದು. ಯಾರು ನಂಬಿದರೋ ಅವರು ಔಟ್. ಯಾರು ಮೋಸ ಹೋಗುವುದಿಲ್ಲವೋ ಅವರಿಗೆ ಚಪ್ಪಾಳೆ. ಮಕ್ಕಳಿಗೆ ಅದು ಎಲ್ಲಕ್ಕಿಂತ ಇಷ್ಟದ ಆಟ. ಈಗ ನಾನು ಏನು ಹೇಳಿದರೂ ಅವಳಿಗೆ ಆಕಳ ರೆಕ್ಕೆಯೇ. ಮಂಡಕ್ಕಿ ಮಿರ್ಚಿ ಕೊಡಿಸುತ್ತೇನೆ, ಒಮ್ಮೆ ಅಪ್ಪ ಅನ್ನು ಎಂದೆ. ಮಿರ್ಚಿ ತಿಂದಳು, ಮೋಸ ಹೋಗಲಿಲ್ಲ. ಒಂದು ದಿನ ತಾಳ್ಮೆ ಕೆಟ್ಟು, "ಮನ್ಯಾಗ ನಾನು ನಿಮ್ಮಪ್ಪ, ತಿಳೀತಿಲ್ಲೋ?" ಎಂದು ಗದರಿದೆ. ತಕ್ಷಣ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಬಾಯಿ ಮೇಲೆ ಬೆರಳು ಇಟ್ಟುಕೊಂಡಳು. ನನ್ನ ಕೋಣೆಯಲ್ಲಿ ಗಲಾಟೆ ಆದಾಗ ಮಕ್ಕಳು ಹಾಗೆ ಕೂರಬೇಕೆಂದು ಹೇಳಿಕೊಟ್ಟವನು ನಾನೇ.

ಹೊರಗೆ ನಾನು ನಗುತ್ತಿದ್ದೆ, ಒಳಗೆ ನೋಯುತ್ತಿತ್ತು. ಯಾಕೆ ಸುಳ್ಳು ಹೇಳಲಿ. ಶಾಲೆಯಲ್ಲಿ ಹೋಗುವವರು ಬರುವವರೆಲ್ಲ ಸಾರ್ ಎನ್ನುತ್ತಾರೆ. ಅಪ್ಪ ಎನ್ನಲು ಈ ಭೂಮಿಯ ಮೇಲೆ ನನಗೆ ಇದ್ದವಳು ಒಬ್ಬಳೇ. ಇವಳು ಹೀಗೇ ದೊಡ್ಡವಳಾಗಿ, ಮದುವೆ ಪತ್ರಿಕೆಯಲ್ಲಿ ಸಾರ್ ಅವರ ಆಶೀರ್ವಾದದೊಂದಿಗೆ ಎಂದು ಅಚ್ಚು ಹಾಕಿಸಿಬಿಟ್ಟರೆ ಏನು ಗತಿ ಎಂದು ಹೆಂಡತಿಯನ್ನು ಕೇಳಿದೆ. ಅವಳು ಅದಕ್ಕೂ ನಕ್ಕಳು. ಆಮೇಲೆ ನನ್ನ ಮುಖ ನೋಡಿ ಒಂದು ಲೋಟ ಚಹಾ ತಂದಿಟ್ಟಳು.

ಗಾಯಕ್ಕೆ ಉಪ್ಪು ಸವರಿದ ಹಾಗೆ ಅದೇ ವಾರ ಕೋಣೆಯಲ್ಲಿ ಇನ್ನೊಂದು ಆಯಿತು. ಮೊಟ್ಟೆಯ ಅಜ್ಜಿಯ ಮೊಮ್ಮಗಳು ಲೆಕ್ಕದ ಕಡ್ಡಿ ಜೋಡಿಸುತ್ತಾ ಮೈಮರೆತು, "ಅಪ್ಪಾ, ಇಲ್ಲಿ ನೋಡು," ಎಂದು ನನ್ನ ಅಂಗಿ ಜಗ್ಗಿದಳು. ಕೋಣೆಯೆಲ್ಲ ಘೊಳ್ಳೆಂದು ನಕ್ಕಿತು. ಆ ಹುಡುಗಿ ನಾಚಿ ಬೆಂಚಿನ ಕೆಳಗೆ ಹೋಯಿತು. ನನ್ನ ಮಗಳೊಬ್ಬಳು ನಗಲಿಲ್ಲ. ಬೆಂಚಿನ ಕೆಳಗೆ ಬಗ್ಗಿ ಆ ಹುಡುಗಿಗೆ, "ಇವರು ಅಪ್ಪ ಅಲ್ಲ, ಸಾರ್," ಎಂದು ಗಂಭೀರವಾಗಿ ಹೇಳಿದಳು.

ಅದಾದ ಸ್ವಲ್ಪ ದಿನಕ್ಕೆ ಅವಳು ಅಂಗಳದಲ್ಲಿ ಓಡುತ್ತಾ ಬಿದ್ದಳು. ಮೊಣಕಾಲು ತರಚಿ ರಕ್ತ ಬಂದಿತ್ತು. ಬೇರೆ ಯಾವ ಮಗುವಾದರೂ ಊರು ಒಂದು ಮಾಡುತ್ತಿತ್ತು. ಇವಳು ಎದ್ದು, ಕುಂಟುತ್ತಾ ಬಂದು, ತುಟಿ ಬಿಗಿಹಿಡಿದು, "ಸಾರ್, ಬಿದ್ದೀನ್ರಿ," ಎಂದಳು. ನಾನು ತೊಳೆದು ಮುಲಾಮು ಹಚ್ಚಿ, ಎಷ್ಟು ಗಟ್ಟಿ ಹುಡುಗಿ ನೋಡ್ರಿ, ಅಳಲೇ ಇಲ್ಲ ಎಂದು ಎಲ್ಲರಿಂದ ಚಪ್ಪಾಳೆ ಹೊಡೆಸಿದೆ. ಅವಳು ಹೋಗಿ ತನ್ನ ಜಾಗದಲ್ಲಿ ಕೂತಳು.

ಬಸ್ಸಿನಲ್ಲೊಂದು ಪ್ರಸಂಗ ನಡೆದದ್ದು ಹುಣ್ಣಿಮೆಯ ದಿನ. ಉಚ್ಚಂಗಿದುರ್ಗಕ್ಕೆ ಹೋಗಿ ಉಚ್ಚಂಗೆಮ್ಮನಿಗೆ ಕಾಯಿ ಒಡೆಸಿ ಬರುವವರಿಂದ ಬಸ್ಸು ತುಂಬಿತ್ತು. ನಾವು ಹತ್ತಿದಾಗ ನಿಲ್ಲಲೂ ಜಾಗವಿರಲಿಲ್ಲ. ಮಗಳಿಗೆ ಅರ್ಧ ನಿದ್ದೆ, ಸೆಖೆ ಬೇರೆ. ಅವಳನ್ನು ಜುಲುಮೆಯಿಂದ ಎತ್ತಿಕೊಂಡೆ. ಎತ್ತಿಕೊಂಡದ್ದೇ ತಡ, ನಿದ್ದೆಗಣ್ಣಲ್ಲಿ ಕಾಲು ಝಾಡಿಸಿ, "ನಂಗ ಅಪ್ಪ ಬೇಕು," ಎಂದು ರಾಗ ತೆಗೆದಳು.

ಹಣೆ ತುಂಬ ಭಂಡಾರ ಹಚ್ಚಿಕೊಂಡಿದ್ದ ಒಬ್ಬಾಕೆ ಸೀಟಿನಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾರ ಕೂಸು ಇದು?"

"ನನ್ನ ಮಗಳ್ರಿ."

"ಅಲ್ಲ," ಎಂದಳು ಮಗಳು ಅಳುತ್ತಲೇ. "ಇವರು ಸಾರ್."

ಬಸ್ಸಿನಲ್ಲಿದ್ದ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ಮೊಬೈಲಿನಲ್ಲಿ ಸುದ್ದಿ ಹರಿದಾಡುತ್ತಿದ್ದ ಕಾಲ. ಆಕೆ ಎದ್ದವಳೇ ಮಗಳನ್ನು ನನ್ನ ಕೈಯಿಂದ ಕಿತ್ತುಕೊಂಡು ತೊಡೆ ಮೇಲೆ ಕೂರಿಸಿಕೊಂಡಳು. ಹಿಂದಿನಿಂದ ಯಾರೋ ನನ್ನ ಕಾಲರ್ ಹಿಡಿದರು. ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿದ. ದಿನಾ ಇದೇ ಬಸ್ಸಿಗೆ ಬರ್ತೀನಲ್ರಿ ಎಂದರೆ, ಅವನು ಆ ದಿನ ಬದಲಿಗೆ ಬಂದ ಹೊಸ ಕಂಡಕ್ಟರ್. ಮಗಳ ತಲೆ ನೋಡಿದ ಇನ್ನೊಬ್ಬಾಕೆ, "ಜಡಿ ನೋಡ್ರಿ, ಕೂಸಿನ ತಾಯಿ ಹಾಕಿದ್ದಲ್ಲ ಇದು," ಎಂದು ಸಾಕ್ಷಿ ಹೇಳಿದಳು. ಅಡುಗೆಯಕ್ಕ ಆ ದಿನ ರಜೆ ಹಾಕಿದ್ದಳು.

ಕಂಡಕ್ಟರ್ ಬಗ್ಗಿ ಮೃದುವಾಗಿ ಕೇಳಿದ. "ಪುಟ್ಟಿ, ನಿಮ್ಮಪ್ಪ ಎಲ್ಲಿ ಅದಾನ?"

ಮಗಳು ನನ್ನನ್ನೇ ನೋಡಿದಳು. ಬಹಳ ಹೊತ್ತು ನೋಡಿ, "ಇನ್ನೂ ಬಂದಿಲ್ಲ," ಎಂದಳು.

ನಾನು ವಿಡಿಯೋ ಕರೆ ಮಾಡಿದೆ, ನನ್ನ ಪುಣ್ಯಕ್ಕೆ ಹೆಂಡತಿ ಎತ್ತಿದಳು. ಕಂಡಕ್ಟರ್ ಫೋನನ್ನು ನನ್ನ ಮುಖಕ್ಕೆ ಹಿಡಿದು, "ಇವರು ಯಾರ್ರಿ?" ಎಂದು ಕೇಳಿದ. ಅವಳು ಕಾಲರ್ ಹಿಡಿಸಿಕೊಂಡ ನನ್ನನ್ನು ನೋಡಿ, ತುಟಿ ಕಚ್ಚಿ, "ನಮ್ಮ ಯಜಮಾನ್ರು ಅಂತ ಅಂದ್ಕೊಂಡೀನ್ರಿ. ಬಿಡ್ರಿ ಪಾಪ," ಎಂದಳು. ಮಗಳು ಫೋನಿನಲ್ಲಿ ಅಮ್ಮಾ ಎಂದಳು. ಬಸ್ಸು ಹೊರಟಿತು. ಭಂಡಾರದಾಕೆ ನನಗೆ ಪ್ರಸಾದದ ಕೊಬ್ಬರಿ ಕೊಟ್ಟು, "ಬ್ಯಾಸರ ಆಗಬ್ಯಾಡಪ್ಪ. ಆದ್ರ ಮನ್ಯಾಗ ಸ್ವಲ್ಪ ಕೂಸಿನ ಕೂಡ ಮಾತಾಡು," ಎಂದಳು. ಇಡೀ ದಿನ ನಾನು ಆ ಕೂಸಿನ ಜೊತೆಯಲ್ಲೇ ಇರುತ್ತೇನೆ ತಾಯಿ ಎನ್ನಬೇಕೆನಿಸಿತು. ಕೊಬ್ಬರಿ ಅಗಿಯುತ್ತಾ ನಿಂತೆ. ಇನ್ನೂ ಬಂದಿಲ್ಲ ಎಂಬ ಆ ಮಾತು ಹರಪನಹಳ್ಳಿ ಮುಟ್ಟಿದರೂ ಕಿವಿಯಲ್ಲೇ ಇತ್ತು.

ದೀಪಾವಳಿಗೆ ಕೊಟ್ಟೂರಿಗೆ ಹೋದೆವು, ನನ್ನ ಅವ್ವನ ಮನೆಗೆ. ಅವ್ವನಿಗೆ ವಿಷಯ ಗೊತ್ತಿರಲಿಲ್ಲ. ಮೊಮ್ಮಗಳು ಹೊಸ ಲಂಗ ಹಾಕಿಕೊಂಡು, "ಸಾರ್, ಚೊಲೋ ಐತೇನ್ರಿ?" ಎಂದು ನನ್ನ ಮುಂದೆ ನಿಂತಾಗ ಅವ್ವನ ಕೈಯಲ್ಲಿದ್ದ ಎಣ್ಣೆ ಬಟ್ಟಲು ವಾಲಿತು.

"ಏನಂದ್ಲೋ ಅಕಿ?"

"ಸಾರ್ ಅಂದ್ಲು."

"ಹಡೆದ ಮಗಳು ಅಪ್ಪಗ ಸಾರ್ ಅಂತಾಳ? ನೀವೇನು ಮನಿ ಮಾಡೀರೋ, ಶಾಲಿ ಮಾಡೀರೋ?" ಎಂದು ನನಗೂ ನನ್ನ ಹೆಂಡತಿಗೂ ಸಮನಾಗಿ ಬೈದಳು. ಕೂಸಿಗೆ ಯಾರದೋ ಕಣ್ಣು ಬಿದ್ದಿದೆ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಹೊಗೆಗೆ ಮನೆಮಂದಿಯೆಲ್ಲ ಕೆಮ್ಮಿದೆವು. ಕೆಮ್ಮಿನ ನಡುವೆ ಮಗಳು ಕೈ ಎತ್ತಿ, "ಸಾರ್, ಹೊರಗ ಹೋಗ್ಲೇನ್ರಿ?" ಎಂದು ಕೇಳಿದಳು. ಅವ್ವ ಕೈಚೆಲ್ಲಿ ಕೂತಳು.

ಮಧ್ಯಾಹ್ನ ನಾನು ಮಾಳಿಗೆಯ ಮೇಲೆ ನೆರಳಲ್ಲಿ ಅಡ್ಡಾಗಿದ್ದೆ. ಹೊಲದಿಂದ ಬಂದ ಶೇಂಗಾವನ್ನು ಅಲ್ಲೇ ಒಣಹಾಕಿದ್ದರು. ಅವ್ವ ಒಂದು ಬದಿಗೆ ಕೂತು ಕಡ್ಡಿ ಕಸ ಆರಿಸುತ್ತಿದ್ದಳು, ಮಗಳು ಇನ್ನೊಂದು ಬದಿಯಲ್ಲಿ ಶೇಂಗಾವನ್ನು ಸಾಲಾಗಿ ಕೂರಿಸಿ ಪಾಠ ಮಾಡುತ್ತಿದ್ದಳು. ನಮ್ಮ ಓಣಿಯಲ್ಲಿ ಮಂಗಗಳ ಕಾಟ. ಪಕ್ಕದ ಮಾಳಿಗೆಯಿಂದ ಒಂದು ಹಿಂಡು ಧುಮುಕಿತು. ಅವ್ವ ಹಳೆಯ ಪರಾತದ ತಟ್ಟೆ ಎತ್ತಿಕೊಂಡು, ಹಾರೆಯ ತುಂಡಿನಿಂದ ಅದಕ್ಕೆ ಬಡಿಯತೊಡಗಿದಳು. ದಣದಣ ದಣದಣ. ಮಂಗಗಳು ಹಠಮಾರಿಗಳು, ಅವ್ವ ಅವಕ್ಕಿಂತ ಹಠಮಾರಿ. ನಿಲ್ಲಿಸಲೇ ಇಲ್ಲ.

ನಾನು ಕಿವಿ ಮುಚ್ಚಿಕೊಂಡು ಎದ್ದು ಕೂತೆ. ಮಗಳು ಕೈಯಲ್ಲಿದ್ದ ಶೇಂಗಾ ಬಿಟ್ಟಳು. ಒಂದು ಕ್ಷಣ ಹಾಗೇ ನಿಂತು ಕೇಳಿದಳು. ಆಮೇಲೆ, "ಅಪ್ಪಾ," ಎಂದು ಕೂಗಿ, ಒಣಹಾಕಿದ ಶೇಂಗಾದ ಮೇಲೆಯೇ ಓಡಿಬಂದು, ನನ್ನ ಹೊಟ್ಟೆಗೆ ಗುದ್ದಿ, ಕೊರಳಿಗೆ ಬಿದ್ದಳು.

ಮಂಗ ಒಂದು ಮೂಲೆಯಲ್ಲಿ ಆರಾಮಾಗಿ ಶೇಂಗಾ ತಿಂದಿತು. ಅವ್ವ ಪರಾತ ಹಿಡಿದುಕೊಂಡೇ ನಿಂತಳು. ನನಗೆ ಎಲ್ಲ ತಿಳಿಯಲು ಅಷ್ಟೇ ಹೊತ್ತು ಸಾಕಾಯಿತು. ಲಾಂಗ್ ಬೆಲ್ ಆದ ಮೇಲೆ ಅಪ್ಪ ಎಂದು ಹೇಳಿದವನು ನಾನು. ಆ ಲಾಂಗ್ ಬೆಲ್ಲನ್ನು ತೆಗೆದುಹಾಕಿ ಹಾಡು ಹಚ್ಚಿದವನೂ ನಾನು. ನನ್ನ ಮಗಳು ಗಣಪತಿ ಹಬ್ಬ ಕಳೆದಂದಿನಿಂದ ದೀಪಾವಳಿಯ ತನಕ ಶಾಲೆ ಬಿಟ್ಟೇ ಇರಲಿಲ್ಲ.

"ಅಪ್ಪ, ಎಷ್ಟು ತಡಾ ಮಾಡಿದಿ ನೀನು," ಎಂದಳು ಹೆಗಲೊಳಗೆ ಮುಖವಿಟ್ಟು. ನೀನು ಎಂದದ್ದು ಕೇಳಿ ಅವಳನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡೆ. ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ. ಇಷ್ಟು ದಿನದ ಚಾಡಿಯೆಲ್ಲ ಒಮ್ಮೆಗೇ ಹೊರಬಿತ್ತು. ಚಿವುಟಿದವರು, ಪೆನ್ಸಿಲ್ ಕಚ್ಚಿದವರು, ಬಸ್ಸಿನಲ್ಲಿ ಎಳೆದುಕೊಂಡ ಭಂಡಾರದಾಕೆ. ಹೇಳುತ್ತಾ ಹೇಳುತ್ತಾ ಲಂಗ ಎತ್ತಿ ಮೊಣಕಾಲು ತೋರಿಸಿದಳು. ಗಾಯ ಎಂದೋ ಮಾಯ್ದು, ಹೊಸ ಚರ್ಮ ಬಂದು, ಗುಲಾಬಿ ಬಣ್ಣದ ಕಲೆ ಉಳಿದಿತ್ತು.

"ಬಿದ್ದಿದ್ನೆಪ್ಪ, ರಕ್ತ ಬಂದಿತ್ತು," ಎಂದಳು. ಎಂದವಳೇ ಅಳಲು ಶುರುಮಾಡಿದಳು. ಆ ದಿನ ಅಂಗಳದಲ್ಲಿ ತುಟಿ ಬಿಗಿಹಿಡಿದು ತಡೆದಿಟ್ಟಿದ್ದ ಅಳು ಅದು, ಒಂದು ಹನಿಯೂ ಕಡಿಮೆಯಾಗಿರಲಿಲ್ಲ. ನಾನು ಎತ್ತಿಕೊಂಡು ಮಾಳಿಗೆಯ ತುಂಬ ತಿರುಗಾಡಿದೆ. ಅಪ್ಪನೂ ಸ್ವಲ್ಪ ಅತ್ತ. ಕೆಳಗಿನಿಂದ ಮೇಲೆ ಬಂದ ಹೆಂಡತಿ ಏನಾಯ್ತು ಎಂದು ಕೇಳಿದಳು. ಅವ್ವ, "ನಿವಾಳಿಸಿದ್ದು ಹತ್ತಿತು ನೋಡು," ಎಂದಳು.

ಅಳು ಮುಗಿದ ಮೇಲೆ ಮಗಳು ನನ್ನ ಕಿವಿಯ ಹತ್ತಿರ ಬಂದು, ಕೊನೆಯ ಚಾಡಿಯನ್ನು ಮೆಲ್ಲಗೆ ಹೇಳಿದಳು.

"ಅಪ್ಪ, ನಮ್ಮ ಶಾಲ್ಯಾಗ ಒಬ್ಬರು ಸಾರ್ ಅದಾರ. ಬಿದ್ರೂ ಎತ್ತಿಗೊಳ್ಳಾಂಗಿಲ್ಲ."

"ಹೌದಾ," ಎಂದೆ. "ಬೈಲೇನು ಅವರಿಗೆ?"

ಅವಳು ಸ್ವಲ್ಪ ಯೋಚಿಸಿದಳು. "ಬ್ಯಾಡ. ಒಳ್ಳೇರು ಅದಾರ. ಎಲ್ಲಾರಿಗೂ ತತ್ತಿ ಸುಲದು ಕೊಡ್ತಾರ."

ಹಬ್ಬ ಮುಗಿಸಿ ಶಾಲೆಗೆ ಮರಳಿದ ದಿನ ಸಂಜೆ ಹಾಡು ಹೇಳಿಸಲಿಲ್ಲ. ನಾನೇ ಬೇವಿನಮರದ ಕೆಳಗೆ ಹೋಗಿ ಹಳಿಗೆ ಬಡಿಯತೊಡಗಿದೆ. ಮಕ್ಕಳು ಬಾಣ ಬಿಟ್ಟ ಹಾಗೆ ಓಡಿದರು, ಯಾರಿಗೂ ಭಯವಾದ ಹಾಗೆ ಕಾಣಲಿಲ್ಲ. ಅಂಗಳ ಖಾಲಿಯಾದರೂ ಬಡಿಯುತ್ತಲೇ ಇದ್ದೆ. ದೊಡ್ಡ ಟೀಚರ್ ಹೊರಗೆ ಬಂದು, "ಸಾಕು ಬಿಡ್ರಿ ಸಾರ್, ಊರಾಗ ಬೆಂಕಿ ಬಿದ್ದೈತಿ ಅಂತ ಜನ ಕೊಡ ಹಿಡ್ಕೊಂಡು ಬರ್ತಾರ," ಎಂದರು.

ನಾನು ಕೈ ನಿಲ್ಲಿಸಿದೆ. ಬಾಗಿಲಲ್ಲಿ ಮಗಳು ಚೀಲ ಕೆಳಗಿಟ್ಟು, ನಿಜವಾಗಿಯೂ ಮುಗಿಯಿತೇ ಎಂದು ಕಾಯುತ್ತಾ ನಿಂತಿದ್ದಳು. ನಾನು ಎರಡೂ ಕೈ ಚಾಚಿದೆ.